ಎಡಗೈ ಹೀರೋ

ಎಂಬತ್ತರ ದಶಕದ ಮೊದಮೊದಲು, ಹೊಸ ಸಿನಿಮಾದ ರೀಲು ಡಬ್ಬಿಗಳ ಜೊತೆ ಊರೂರಿಗೆ ಹೋಗುವುದು ನನ್ನ ಕೆಲಸವಾಗಿತ್ತು. ಜಗಳೂರಿನ ಟೆಂಟಿನಲ್ಲಿ ಮೊದಲ ದಿನ ಜನ ಕಿಕ್ಕಿರಿದಿದ್ದರು. ಮರುದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ, ಯಾವ ಸಿನಿಮಾವನ್ನೂ ಬಿಡದ ರುದ್ರಪ್ಪನವರು ತೀರ್ಪು ಕೊಡುತ್ತಿದ್ದರು. ಅವರು ಬೇಡ ಎಂದರೆ ಅರ್ಧ ಊರು ಟೆಂಟಿನ ಕಡೆ ತಲೆ ಹಾಕುವುದಿಲ್ಲ ಎಂದು ಮಾಲೀಕರು ನನ್ನನ್ನು ಮೊದಲೇ ಹೆದರಿಸಿದ್ದರು.

"ಕತೆ ಚೆನ್ನಾಗೈತೆ ರೀ. ಆದ್ರೆ ಹೀರೋ ಎಡಗೈಲಿ ಊಟ ಮಾಡ್ತಾನೆ, ಎಡಗೈಲೇ ಮಂಗಳಾರತಿ ಎತ್ತಾನೆ. ಮನೆಮಂದಿ ಕೂತು ನೋಡೋದು ಹೆಂಗೆ?"

ಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅನುಮಾನ ಬಂದು, "ನೀವು ಎಲ್ಲಿ ಕೂತಿದ್ರಿ?" ಎಂದೆ.

"ಪರದೆ ಹಿಂದೆ. ಮುಂದೆ ಬರೀ ಬೀಡಿ ಹೊಗೆ, ಕೂರಾಕೆ ಆಗಲ್ಲ."

ಪರದೆ ತೆಳು ಬಟ್ಟೆಯದು. ಹಿಂದಿನಿಂದ ನೋಡಿದರೆ ಎಡ ಬಲ ಅದಲುಬದಲಾಗುತ್ತದೆ ಎಂದು ವಿವರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ವಾದ ಬಿಟ್ಟು, ಅಂದಿನ ಆಟಕ್ಕೆ ಕರೆದೊಯ್ದು ಪರದೆಯ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಹೀರೋ ಬಲಗೈಯಲ್ಲೇ ಉಂಡ.

ಆಟ ಮುಗಿದ ಮೇಲೆ ರುದ್ರಪ್ಪನವರು ನನ್ನ ಬೆನ್ನು ತಟ್ಟಿದರು. "ಬೆಳಿಗ್ಗೆ ಹೇಳಿದ್ದನ್ನ ಕತ್ಲಾಗೋದ್ರಾಗೆ ಸರಿ ಮಾಡಿಸಿಬಿಟ್ರಲ್ಲ, ಭೇಷ್."

ಮರುದಿನ ಟೀ ಅಂಗಡಿಯಲ್ಲಿ ಜನ ನನಗಾಗಿಯೇ ಕಾದಿದ್ದರು. ಒಬ್ಬರಿಗೆ ನಾಯಕಿಯ ಸೀರೆ ಹಿಡಿಸಿರಲಿಲ್ಲ. ಇನ್ನೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಕೊನೇಗೆ ಆ ತಾಯಿ ಸಾಯೋದು ಬ್ಯಾಡ್ರಿ. ಇವತ್ತಿನ ಆಟಕ್ಕೆ ಬದುಕಿಸಿಬಿಡ್ರಿ, ನಮ್ಮವ್ವನ್ನ ಕರ್ಕೊಂಡು ಬರ್ತೀನಿ" ಎಂದರು.

"ನೋಡ್ತೀನ್ರಿ" ಎಂದೆ. ಆಗಲ್ಲ ಎಂದಿದ್ದರೆ ಎರಡು ಟಿಕೆಟ್ ಕೈತಪ್ಪುತ್ತಿದ್ದವು.