ಒಂದು, ಎರಡು, ನಡುವೆ ಒಂದು ಗೆರೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಕನಕಪುರದ ಬಸ್ಸಿಗೆ ಹೊತ್ತಾಯಿತೇ ಎಂದು ಆಗಷ್ಟೇ ಫೋನಿನಲ್ಲಿ ನೋಡಿದ್ದೆ, ಅದಕ್ಕೇ ನೆನಪಿದೆ. ಮರಳವಾಡಿಯ ಹತ್ತಿರ, ನನ್ನ ಹೆಂಡತಿಯ ಅಣ್ಣನ ಮನೆಯ ಜಗಲಿಯಲ್ಲಿ ಕೂತಿದ್ದೆ. ಅಂಗಳದಾಚೆ ರೇಷ್ಮೆ ಹುಳು ಸಾಕುವ ಮನೆಯೊಳಗಿಂದ ಕೆಮ್ಮು ಕೇಳಿತು. ಭಾವನ ಬೀಡಿ ಕೆಮ್ಮು ನನಗೆ ಗೊತ್ತು, ಅದಕ್ಕೊಂದು ತಾಳವಿರುತ್ತದೆ. ಇದಕ್ಕೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮುಂಚೆ ಅವನು ಹೆಗಲ ಮೇಲೆ ಬ್ಲೀಚಿಂಗ್ ಪೌಡರಿನ ಮೂಟೆ ಹೊತ್ತು ನನ್ನ ಮುಂದೆಯೇ ಹಾದುಹೋಗಿದ್ದ. ಹೊಸ ಹುಳು ತರುವ ಮುಂಚೆ ಆ ಮನೆಯನ್ನು ಔಷಧಿ ಹಾಕಿ ತೊಳೆಯಬೇಕು. ಇಲ್ಲದಿದ್ದರೆ ಹಿಂದಿನ ಬೆಳೆಯ ರೋಗ ಮುಂದಿನದಕ್ಕೂ ಅಂಟುತ್ತದೆ. ಹೋಗುವಾಗ ನನ್ನನ್ನು ನೋಡಿ ನಕ್ಕಿದ್ದ.

"ಅಲ್ಲ ಮೇಷ್ಟ್ರೇ, ನಿಮ್ಮೆಂಡ್ತಿ ಹುಳಿನ ಮನೆ ತೊಳಿ ಅಂದವ್ಳೋ, ಇಡೀ ಹೋಬಳಿ ತೊಳಿ ಅಂದವ್ಳೋ?"

ನಾನೂ ನಕ್ಕಿದ್ದೆ. ಭಾವ ಹೇಳುವುದೆಲ್ಲ ತಮಾಷೆಯೇ. ಅವನ ಮಾತಿನಲ್ಲಿ ತಮಾಷೆ ಯಾವುದು, ಸುದ್ದಿ ಯಾವುದು ಎಂದು ಬೇರ್ಪಡಿಸುವ ವಿದ್ಯೆ ನಮ್ಮ ವಿಶ್ವವಿದ್ಯಾಲಯದಲ್ಲಿ ಕಲಿಸಲಿಲ್ಲ.

ಓಡಿಹೋಗಿ ಬಾಗಿಲು ತಳ್ಳಿದೆ. ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹೊಡೆದಿತ್ತು. ಕೊಳಾಯಿ ನೀರು ಪಕ್ಕದಲ್ಲೇ ಸುರಿಯುತ್ತಿತ್ತು. ಮುಂದೊಂದು ತೊಟ್ಟಿ, ಅದರಲ್ಲಿ ಅವನು ನೀರಿಗೆ ಪೌಡರ್ ಹಾಕಿದ್ದನೋ ಪೌಡರಿಗೆ ನೀರು ಚಿಮುಕಿಸಿದ್ದನೋ ಹೇಳುವುದು ಕಷ್ಟ. ಭಾವ ಗೋಡೆ ಹಿಡಿದು ಮಂಡಿಯೂರಿದ್ದ. ಅವನ ಕಂಕುಳಿಗೆ ಕೈ ಹಾಕಿ ಎಳೆದೆ. ಅವನ ಹೆಂಡತಿ, ನಮ್ಮ ಅತ್ತಿಗೆ, ಕಾಲು ಹಿಡಿದರು. ಹಿಪ್ಪುನೇರಳೆ ಸಾಲಿನ ನಡುವೆ ಗಾಳಿಗೆ ಮಲಗಿಸಿದೆವು. ತುಟಿ ನೀಲಿಯಾಗಿತ್ತು. ಆ ನೀಲಿ ಈಗಲೂ ಕಣ್ಣ ಮುಂದೆ ಬರುತ್ತದೆ, ಪಾಠ ಮಾಡುತ್ತಿರುವಾಗಲೂ ಬರುತ್ತದೆ.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದ ಮೇಲೆ ಅವನು ಆಡಿದ ಮೊದಲ ಮಾತು, "ಹನ್ನೆಲ್ಡು ಕೇಜಿ ಅಂತ ಅವಳೇ ಬರ್ದಿರದು ಕಣ್ರೀ. ನಂದೇನೈತೆ?"

ಅವಳೆಂದರೆ ನನ್ನ ಹೆಂಡತಿ. ರಾಮನಗರದಲ್ಲಿ ಅವಳು ಗಣಿತ ಪಾಠ ಮಾಡುತ್ತಾಳೆ, ನಾನು ಕನ್ನಡ. ಕಳೆದ ಬೆಳೆ ರೋಗಕ್ಕೆ ಹೋದಾಗ ಅವಳು ಅಣ್ಣನ ಮೇಲೆ ರೇಗಿದ್ದಳು. "ಕಣ್ಣಂದಾಜಿಗೆ ಹಿಡಿ ಹಿಡಿ ಹಾಕ್ತೀಯ, ಅದಕ್ಕೇ ಹಿಂಗಾಗೋದು. ಅಳತೆಯೆಲ್ಲ ನಾನು ಬರೆದು ಹಾಕ್ತೀನಿ. ಅಲ್ಲಿ ಇರೋ ಹಾಗೇ ಮಾಡು. ತಲೆ ಓಡಿಸಬೇಡ."

ತಲೆ ಓಡಿಸಬೇಡ ಎಂದು ಯಾರಿಗಾದರೂ ಹೇಳುವಾಗ ಯೋಚಿಸಿ ಹೇಳಬೇಕು. ಕೆಲವರು ಕೇಳಿಬಿಡುತ್ತಾರೆ.

ಹೀಗೆ ಹುಟ್ಟಿದ್ದು ಅವಳ ವೆಬ್ ಪುಟ. ಮೊದಲು ಲೆಕ್ಕಗಳನ್ನು ಚಿತ್ರ ಮಾಡಿ ಅಂಟಿಸಿದ್ದಳು. ಫೋನಿನಲ್ಲಿ ಅವು ಮಸುಕಾಗಿ ಕಾಣುತ್ತಿದ್ದವು. ಆಮೇಲೆ ಗಣಿತಕ್ಕೆಂದೇ ಇರುವ ಟ್ಯಾಗುಗಳನ್ನು, ಅಂದರೆ ಪುಟ ತೋರಿಸುವ ಬ್ರೌಸರಿಗೆ ಇದನ್ನು ಹೀಗೆ ಬರೆ ಎಂದು ಹೇಳುವ ಗುರುತುಗಳನ್ನು, ಕಲಿತಳು. ಭಿನ್ನರಾಶಿ ಬರೆಯಲು ಅವಳು ಗೆರೆ ಎಳೆಯಬೇಕಾಗಿಲ್ಲವಂತೆ. ಮೇಲಿನ ಅಂಕಿ ಒಂದು, ಕೆಳಗಿನದು ಎರಡು, ಇಬ್ಬರೂ ಈ ಟ್ಯಾಗಿನೊಳಗೆ ಎಂದು ಬರೆದರೆ ಸಾಕು, ಗೆರೆಯನ್ನು ಬ್ರೌಸರೇ ಎಳೆದುಕೊಳ್ಳುತ್ತದೆ. ಅವಳ ಲ್ಯಾಪ್‌ಟಾಪಿನಲ್ಲಿ ಅದು ಅಚ್ಚಿನ ಪುಸ್ತಕದಂತೆ ಕಂಡಿತ್ತು. ನನ್ನನ್ನು ಅಡುಗೆಮನೆಯಿಂದ ಕರೆದು ತೋರಿಸಿದ್ದಳು. "ನೋಡಿ, ಎಷ್ಟು ಚೆನ್ನಾಗಿ ಕೂತಿದೆ ಅರ್ಧ!" ಒಲೆಯ ಮೇಲೆ ಹಾಲು ಉಕ್ಕಿತು. ಆದರೂ ಚೆನ್ನಾಗಿಯೇ ಕೂತಿತ್ತು.

ಭಾವನ ಫೋನಿನಲ್ಲಿ ಅದು ಕೂರಲಿಲ್ಲ. ಅದು ಹಳೆಯ ಫೋನು. ಅಪ್‌ಡೇಟ್ ಮಾಡಲೇ ಎಂದು ಅದು ಕೇಳಿದಾಗೆಲ್ಲ 'ಆಮೇಲೆ' ಒತ್ತುವವನು ಅವನು. ಟಗರು ಕಾಳಗದ ವಿಡಿಯೋ ತುಂಬಿ ಅದರಲ್ಲಿ ಜಾಗವೂ ಇರಲಿಲ್ಲ. ಅದರ ಬ್ರೌಸರಿಗೆ ಆ ಟ್ಯಾಗಿನ ಪರಿಚಯವಿರಲಿಲ್ಲ. ಪರಿಚಯವಿಲ್ಲದ್ದನ್ನು ಬ್ರೌಸರು ಬೈಯುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಒಂದು ಮತ್ತು ಎರಡು, ಗೆರೆಯಿಲ್ಲದೆ ಅಕ್ಕಪಕ್ಕ ನಿಂತವು. ಒಂದು ಕ್ಯಾನ್ ನೀರಿಗೆ ಅರ್ಧ ಕೆಜಿ ಇದ್ದದ್ದು ಹನ್ನೆರಡು ಕೆಜಿ ಆಯಿತು.

ಆಸ್ಪತ್ರೆಯ ಮಂಚದ ಪಕ್ಕ ನಿಂತು ಅವಳು ಆ ಫೋನನ್ನು ಬಹಳ ಹೊತ್ತು ನೋಡಿದಳು.

"ಅಣ್ಣಾ, ಹನ್ನೆರಡು ಕೆಜಿ ಅಂದ್ರೆ ಜಾಸ್ತಿ ಅಂತ ನಿನಗೆ ಅನ್ನಿಸಲಿಲ್ವಾ?"

"ಅನ್ಸ್ತು ಕಣಮ್ಮಿ. ಅಂಗಡಿಯವ್ನೂ ಅಂದ, 'ಏನ್ಲಾ, ಕೆರೆಗಾಕೀಯಾ?' ಅಂತ. ಆದ್ರೆ ತಲೆ ಓಡುಸ್ಬ್ಯಾಡ ಅಂದ್ಬುಟ್ಟಿದ್ದಲ್ಲ ನೀನು."

ಅವಳು ಹೊರಗೆ ಹೋದಳು. ಮೊಗಸಾಲೆಯ ಕಂಬಕ್ಕೆ ಹಣೆ ಒತ್ತಿ ಅತ್ತಳು. ಅದೇ ಸಂಜೆ ಪುಟವನ್ನು ಅಳಿಸಿಹಾಕಿದಳು.

ಅಂದಿನಿಂದ ನಮ್ಮಿಬ್ಬರಿಗೂ ರಾತ್ರಿ ನಿದ್ದೆ ಬರದಾಯಿತು. ಭಾವ ಆಸ್ಪತ್ರೆಯಿಂದ ಮನೆಗೆ ಬಂದಿದ್ದ, ಆದರೆ ಕೆಮ್ಮು ಹೋಗಿರಲಿಲ್ಲ. ಎದೆ ಪೂರ್ತಿ ತಿಳಿಯಾಗುತ್ತದೋ ಇಲ್ಲವೋ, ಕಾದು ನೋಡಬೇಕು ಎಂದಿದ್ದರು ಡಾಕ್ಟರು. ಕಣ್ಣು ಮುಚ್ಚಿದರೆ ನಾನು ಆ ಬಾಗಿಲನ್ನು ತಳ್ಳುತ್ತಿದ್ದೆ. ಕೆಲವು ಸಲ ಅದು ತೆರೆಯುತ್ತಿರಲಿಲ್ಲ.

ಪುಟ ಹೋದದ್ದು ಗೊತ್ತಾಗಿ ಭಾವನೇ ಫೋನ್ ಮಾಡಿದ. ಹುಳಿನ ಮನೆ ಇನ್ನೂ ತೊಳೆದಿರಲಿಲ್ಲ, ಮರಿ ಹುಳು ಬರುವ ದಿನ ಹತ್ತಿರವಾಗಿತ್ತು.

"ಎಲ್ಲೋಯ್ತಮ್ಮಿ ನಿನ್ ಪುಟ?"

"ಬೇಡ ಅಣ್ಣ. ಇನ್ನು ಬರೆಯಲ್ಲ."

"ಅದೆಂಗೆ ಬರಿಯಾಕಿಲ್ಲ? ನನ್ ಕಣ್ಣಂದಾಜು ಸರಿಯಿಲ್ಲ ಅಂದೋಳೂ ನೀನೇ, ಈಗ ಅಳತೆ ಕೊಡಾಕಿಲ್ಲ ಅನ್ನೋಳೂ ನೀನೇ. ಹುಳ ಏನು ಉಪ್ವಾಸ ಕೂತದಾ?" ಅಲ್ಲಿಗೆ ಕೆಮ್ಮು ಬಂತು. ಮುಗಿದ ಮೇಲೆ ಮತ್ತೆ ಅಂದ, "ಮನೇಲಿ ಕನ್ನಡ ಮೇಷ್ಟ್ರು ಇಟ್ಕಂಡಿದ್ದೀಯ. ಅರ್ಧ ಅಂತ ಅಕ್ಸರದಲ್ಲಿ ಬರ್ಸಕ್ಕೆ ಏನಾಗಿತ್ತು? ಸಂಬ್ಳ ಯಾತಕ್ಕೆ ಅವರ್ಗೆ?"

ನನ್ನ ಸಂಬಳದ ಪ್ರಶ್ನೆ ಆ ಮನೆಯಲ್ಲಿ ಹಳೆಯದು. ಆದರೆ ಮಾತು ಅವಳಿಗೆ ತಾಗಿತು. ಮತ್ತೆ ಕೂತು ಬರೆದಳು. ಸೂತ್ರಗಳು ಟ್ಯಾಗಿನಲ್ಲೇ ಉಳಿದವು, ಅದು ಅವಳ ಹಟ. ಆದರೆ ಅವುಗಳ ಕೆಳಗೆ ಪ್ರತಿ ಅಳತೆಯೂ ಅಕ್ಷರದಲ್ಲಿ ಬಂತು: ಕಾಲು, ಅರ್ಧ, ಮುಕ್ಕಾಲು. ನಾನು ಕಾಗುಣಿತ ನೋಡಿದೆ. 'ಕಿಟಕಿ ತೆರೆದಿರಲಿ, ಮೂಗಿಗೆ ಮಾಸ್ಕ್ ಇರಲಿ' ಎಂಬ ಸಾಲನ್ನು ಮೇಲಕ್ಕೆ ತಂದೆ. ಗಣಿತಕ್ಕೆ ನನ್ನ ಕಾಣಿಕೆ ಅಷ್ಟೇ.

ಭಾವನ ಆ ಟಗರು ಕಾಳಗದ ಫೋನಿನಲ್ಲಿ ಅದು ಸರಿಯಾಗಿ ಕಾಣುತ್ತದೆಂದು ಖಾತ್ರಿಯಾಗದೆ ಅವಳಿಗೆ ಧೈರ್ಯವಿರಲಿಲ್ಲ. ಒಂದೊಂದು ಸಾಲು ತಿದ್ದಿದಾಗಲೂ ಅಣ್ಣನಿಗೆ ಫೋನ್ ಮಾಡಿ ಓದಿಸುತ್ತಿದ್ದಳು. ಅವನಿಗಿದು ಆಟ.

"ಒಂದು ಐತೆ. ಎಲ್ಡು ಐತೆ. ಗಂಡ ಹೆಂಡ್ತಿ ತರ ಒತ್ಕಂಡು ಕೂತವೆ. ಮಧ್ಯೆ ಗೆರೆ ಇಲ್ಲ. ನಿಮ್ಮನೇಲಿ ಐತಾ?"

"ತಮಾಷೆ ಸಾಕು. ಕೆಳಗಿನ ಸಾಲು ಓದು."

"ಓದ್ತೀನಿ, ಒಸಿ ತಾಳು." ಮತ್ತೆ ಕೆಮ್ಮು. ಅವಳು ಫೋನು ಹಿಡಿದು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಓದಿಸುವುದು ಸಾಲಿಗಲ್ಲ, ಕೆಮ್ಮು ಎಷ್ಟಿದೆ ಎಂದು ಅಳೆಯುವುದಕ್ಕೆ ಎಂದು ನನಗೆ ನಿಧಾನವಾಗಿ ತಿಳಿಯಿತು. ಅವನಿಗೂ ತಿಳಿದಿತ್ತು. ಕೆಮ್ಮು ಬರುವ ಸೂಚನೆ ಸಿಕ್ಕರೆ, "ಟವರ್ ಇಲ್ಲ" ಎಂದು ಇಟ್ಟುಬಿಡುತ್ತಿದ್ದ.

ಹುಳಿನ ಮನೆ ತೊಳೆದ ದಿನ ಅವನನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಪ್ಲಾಸ್ಟಿಕ್ಕನ್ನೆಲ್ಲ ಕಿತ್ತು, ಮುಖಕ್ಕೆ ಮಾಸ್ಕ್ ಕಟ್ಟಿ ಅತ್ತಿಗೆಯೂ ನಾನೂ ತೊಳೆದೆವು. ಅವನು ಹಿಪ್ಪುನೇರಳೆ ಸಾಲಿನಲ್ಲಿ ಕೂತು ಹಳೆಯ ಫೋನು ನೋಡಿಕೊಂಡು, ಇಡೀ ಊರಿಗೆ ಕೇಳುವಂತೆ ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದ.

"ಒಂದ್ ಕ್ಯಾನ್ ನೀರ್ಗೆ ಅರ್ಧ ಕೇಜಿ! ಕೇಳುಸ್ತಾ ಮೇಷ್ಟ್ರೇ? ಅರ್ಧ! ನಿಮ್ ಸಂಬ್ಳ ಇವತ್ತು ವಸೂಲಾಯ್ತು ಕಣ್ರೀ!"

ನನ್ನ ಜೇಬಿನ ಫೋನಿನಲ್ಲಿ ಅವಳು ಕೇಳಿಸಿಕೊಳ್ಳುತ್ತಿದ್ದಳು. ಅವನು ಕೊನೆಯ ಸಾಲು ಮುಗಿಸಿದ, ಬೇಕೆಂದೇ ಇನ್ನೊಂದು ಸಲ ಓದಿದ. ಎಲ್ಲೂ ತಡೆಯಲಿಲ್ಲ. ಒಂದು ಕೆಮ್ಮೂ ಬರಲಿಲ್ಲ.

ಆವತ್ತು ನಾನು ರಾಮನಗರಕ್ಕೆ ಹಿಂತಿರುಗಿದ ಮೇಲೆ ಊಟ ಮಾಡಿ ಮಲಗಿದ ನಮ್ಮಿಬ್ಬರಿಗೂ ಎಚ್ಚರವಾದಾಗ ಬಿಸಿಲು ಮಂಚದ ಮೇಲಿತ್ತು, ಹಾಲಿನವನು ಬಾಗಿಲು ಬಡಿದು ಬಡಿದು ಹೋಗಿಯಾಗಿತ್ತು.