ದೋಣಿ ಸೇತುವೆ ಕಾಯುತ್ತಿದ್ದ ಚಾಚಾ

ಹರಿಹರದಿಂದ ಕೆಳಗೆ, ಗುತ್ತೂರು ದಾಟಿದ ಮೇಲೆ, ಹೊಳೆಗೆ ಆಗ ಒಂದು ದೋಣಿ ಸೇತುವೆ ಇತ್ತು. ಸಾಲಾಗಿ ನಿಲ್ಲಿಸಿದ ದೋಣಿಗಳನ್ನು ಸರಪಳಿಯಿಂದ ಬಿಗಿದು ಮೇಲೆ ಹಲಗೆ ಹಾಸಿದ್ದರು. ಮಳೆಗಾಲದಲ್ಲಿ ಬಿಚ್ಚಿ ದಡಕ್ಕೆಳೆಯುವರು, ಹೊಳೆ ಇಳಿದ ಮೇಲೆ ಮತ್ತೆ ಕಟ್ಟುವರು. ಮೇಲಿನಿಂದ ಬಿದಿರಿನ ತೆಪ್ಪ ಬಂದರೆ ನಡುವಿನ ಎರಡು ದೋಣಿಗಳನ್ನು ಕಳಚಿ ದಾರಿ ಬಿಡುತ್ತಿದ್ದರು. ಐವತ್ತರ ದಶಕದ ಕೊನೆಯಲ್ಲಿ ನಾನು ಆಚೆ ದಡದ ಹಳ್ಳಿಗಳಿಂದ ದಾವಣಗೆರೆಯ ಮಂಡಿಪೇಟೆಗೆ, ಅಲ್ಲಿನ ಸಾಹುಕಾರರೊಬ್ಬರ ಹತ್ತಿ ಸಾಗಿಸುವ ಲಾರಿ ಓಡಿಸುತ್ತಿದ್ದೆ. ಹರಿಹರದ ಕಲ್ಲಿನ ಸೇತುವೆಗೆ ಸುತ್ತಿ ಬಂದರೆ ಅರ್ಧ ದಿನ ಹೋಗುತ್ತಿತ್ತು.

ಆ ಸೇತುವೆಯ ಮೇಲೆ ಗಾಡಿ ಓಡಿಸುವುದೆಂದರೆ ಏನೆಂದು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಲಾರಿಯ ಭಾರಕ್ಕೆ ಕೆಳಗಿನ ದೋಣಿ ತಗ್ಗುತ್ತಿತ್ತು, ಮುಂದಿನದು ಎತ್ತರದಲ್ಲೇ ಇರುತ್ತಿತ್ತು. ಹಾಗಾಗಿ ಸೇತುವೆಯ ಉದ್ದಕ್ಕೂ ಗುಂಡಿಯಿಂದ ಏರು ಹತ್ತಿದಂತೆಯೇ ಇರುತ್ತಿತ್ತು. ಮೊದಲನೇ ಗೇರಿನಲ್ಲೇ ಹೋಗಬೇಕು, ಬ್ರೇಕ್ ಮುಟ್ಟಬಾರದು. ಹಲಗೆಗಳ ಸಂದಿಯಲ್ಲಿ ನೀರು ಕಾಣುತ್ತಿತ್ತು. ಬಾಗಿಲು ತೆರೆದಿಟ್ಟುಕೊಂಡೇ ಓಡಿಸುತ್ತಿದ್ದೆವು, ಹಾರಿಕೊಳ್ಳಲು.

ಸೇತುವೆ ಕಾಯುತ್ತಿದ್ದವರು ಹರಿಹರದ ಒಬ್ಬ ಮುಸ್ಲಿಂ ಮುದುಕರು. ಎಲ್ಲರೂ ಚಾಚಾ ಎನ್ನುತ್ತಿದ್ದೆವು. ದಿನವಿಡೀ ದೋಣಿಯೊಳಗಿನ ನೀರು ಮೊಗೆಯುವುದು, ಬಿರುಕಿಗೆ ನಾರು ತುರುಕಿ ಡಾಂಬರು ಬಳಿಯುವುದು ಅವರ ಕೆಲಸ. ಹಲಗೆ ಕೊಳೆತಿವೆ, ಸರಪಳಿ ತುಕ್ಕು ತಿಂದಿದೆ ಎಂದು ಗುತ್ತಿಗೆದಾರನಿಗೆ ಹೇಳಿ ಹೇಳಿ ಸೋತಿದ್ದರು.

ಒಂದು ಮಧ್ಯಾಹ್ನ ಲೋಡು ತುಂಬಿಕೊಂಡು ದಡಕ್ಕೆ ಬಂದೆ. ಚಾಚಾ ಅಡ್ಡ ನಿಂತರು.

"ಇವತ್ತು ತುಂಬಿದ ಗಾಡಿ ಬ್ಯಾಡ ತಮ್ಮಾ. ನಡುವಿನ ದೋಣಿ ನೀರು ಕುಡಿದೈತೆ. ಸುತ್ತಿ ಹೋಗು."

"ಸಾಹುಕಾರ್ರು ಕಾಯ್ತಾ ಕುಂತಾರೆ ಚಾಚಾ. ನಿಧಾನಕ್ಕೆ ದಾಟಿಸ್ತೀನಿ."

"ಮಾತು ಕೇಳು."

"ನಿನ್ನೆನೂ ಹಿಂಗೇ ಅಂದಿದ್ರಿ. ಏನಾತು?"

ಅವರು ನನ್ನ ಮುಖ ನೋಡಿದರು. ಆಮೇಲೆ ಮುಂದೆ ನಡೆದು, ನಡುವಿನ ದೋಣಿಗಿಳಿದು ಸರಪಳಿಯ ಪಕ್ಕದಲ್ಲಿ ನಿಂತರು. ಬಾ ಎಂದು ಕೈಮಾಡಿದರು. ನಾನು ಹೊರಟೆ.

ನಡುಭಾಗಕ್ಕೆ ಬಂದಾಗ ಕೆಳಗಿನ ದೋಣಿ ಎಂದಿಗಿಂತ ಹೆಚ್ಚು ತಗ್ಗಿತು. ಸರಪಳಿ ಹರಿದ ಸದ್ದು ಕೇಳಿತು. ಹೆದರಿ ಆಕ್ಸಿಲರೇಟರ್ ಒತ್ತಿದೆ. ಲಾರಿ ಹೇಗೋ ಏರಿ ಈಚೆ ಬಂತು. ಹಿಂದೆ ಎರಡು ದೋಣಿಗಳು ಒಂದಕ್ಕೊಂದು ಬಡಿದಿದ್ದವು. ಅವುಗಳ ನಡುವೆ ಚಾಚಾರ ಬಲಗಾಲು ಸಿಕ್ಕಿತ್ತು. ದಡದಲ್ಲಿದ್ದವರು ಸೇರಿ ದೋಣಿ ಸರಿಸಿ ಬಿಡಿಸಿದರು. ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಮಲಗಿಸಿಕೊಂಡು ದಾವಣಗೆರೆಗೆ ಒಯ್ದೆ. ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಗೆ ತೆಗೆದರು.

ಎರಡು ತಿಂಗಳಾದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಅಪಘಾತದ ವಿಚಾರಣೆ ಆಯಿತು. ಹಿಂದಿನ ದಿನ, ಸೇತುವೆಯ ಗುತ್ತಿಗೆಯಲ್ಲೂ ಪಾಲಿದ್ದ ಸಾಹುಕಾರರು ನನ್ನನ್ನು ಅಂಗಡಿಗೆ ಕರೆಸಿ ಮೆತ್ತಗೆ ಹೇಳಿದ್ದರು: "ಸೇತುವೆ ಚೆನ್ನಾಗಿತ್ತು, ಮುದುಕ ಸರಪಳಿ ಸರಿಯಾಗಿ ಬಿಗಿದಿರಲಿಲ್ಲ ಅನ್ನು. ಕೆಲಸ ಬೇಕಲ್ಲ ನಿನಗೆ?"

ಹಾಗೆಯೇ ಹೇಳಿದೆ. ಗುಮಾಸ್ತ ಬರೆದುಕೊಂಡ. ಚಾಚಾ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಹೊರಗೆ ಬಂದಾಗ ಅವರನ್ನು ದಾಟಿಯೇ ಹೋಗಬೇಕಿತ್ತು.

"ಮಕ್ಕಳು ಎಷ್ಟು ತಮ್ಮಾ?" ಎಂದರು.

"ಎರಡು."

"ಹಂಗಾದ್ರೆ ಹೋಗು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರ ಕೆಲಸ ಹೋಯಿತು. ಸರಪಳಿಗೆ ಒಂದು ಹೊಸ ಕೊಂಡಿ ಹಾಕಿಸಿದರು, ಅಷ್ಟೆ. ಅದೇ ಹಲಗೆ, ಅದೇ ದೋಣಿ. ಮಳೆ ಹಿಡಿಯುವವರೆಗೂ ಅದೇ ಲಾರಿಯನ್ನು ಅದರ ಮೇಲೆ ನಾನೇ ಓಡಿಸಿದೆ. ಹೊಸ ಕಾವಲುಗಾರ ಬೀಡಿ ಸೇದುತ್ತಾ ಕೂತಿರುತ್ತಿದ್ದ, ಯಾರನ್ನೂ ತಡೆಯುತ್ತಿರಲಿಲ್ಲ.

ಮೂರು ವರ್ಷ ಬಿಟ್ಟು, ಧೈರ್ಯ ತಂದುಕೊಂಡು, ಹರಿಹರದಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಹೆಂಡತಿ ಗೋಣಿಚೀಲ ಹೊಲಿಯುತ್ತಾ ಕೂತಿದ್ದರು.

"ಬರ್ರಿ, ಕೂಡ್ರಿ. ಅವರ ಪೈಕಿ ಏನ್ರಿ ನೀವು?" ಎಂದು ಕೇಳಿದರು.

"ಹೊಳಿ ಹತ್ರ ಪರಿಚಯ" ಎಂದೆ.

ನೀರು ತಂದುಕೊಟ್ಟರು. ಕುಡಿದೆ. ಅದಕ್ಕಿಂತ ಹೆಚ್ಚು ಏನನ್ನೂ ಹೇಳಲಾಗದೆ ಎದ್ದು ಬಂದೆ.