ಸಿಡಿಲಣ್ಣನ ಉಗ್ಗು

"ಸಿಡಿಲಣ್ಣನ ಉಗ್ಗು ಎಲ್ಲೋಯ್ತು ಸಾರ್?"

ಹೋದ ತಿಂಗಳು ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನನ್ನು ಅಡ್ಡಗಟ್ಟಿ ಕೇಳಿದರು. ಚನ್ನರಾಯನದುರ್ಗದಲ್ಲಿ ಟೈಲರಿಂಗ್ ಮಾಡುವ ರತ್ನಮ್ಮ. ಜೊತೆಯಲ್ಲಿ ಏಳನೇ ಕ್ಲಾಸಿನ ಮಗಳು ಕಾವ್ಯ. ಈ ಅಂಕಣದ ಫೋಟೋ ನೋಡಿ ಗುರುತು ಹಿಡಿದಿದ್ದರಂತೆ. (ಆ ಫೋಟೋದಲ್ಲಿ ನನಗಿನ್ನೂ ಕೂದಲಿದೆ. ಆದರೂ!)

ಸಿಡಿಲಣ್ಣ ಯಾರು ಅಂದಿರಾ? ಮಕ್ಕಳ ವಾರಪತ್ರಿಕೆಯೊಂದರ ಚಿತ್ರಕಥೆಯ ಸೂಪರ್‌ಹೀರೋ. ಅವನನ್ನು ಹುಟ್ಟಿಸಿ, ಇಪ್ಪತ್ತು ವರ್ಷ ಹಾರಾಡಿಸಿದವರು ಮಧುಗಿರಿಯ ಡ್ರಾಯಿಂಗ್ ಮೇಷ್ಟ್ರೊಬ್ಬರು. ಸಿಡಿಲಣ್ಣ ಆಕಾಶದಿಂದ ಇಳಿದು, ಉಗ್ಗುತ್ತಾ "ನಿ... ನಿ... ನಿಲ್ಲೋ!" ಅನ್ನುವಷ್ಟರಲ್ಲಿ ಕಳ್ಳ ಅರ್ಧ ಊರು ದಾಟಿರುತ್ತಿದ್ದ. ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದ ಮೇಲೆ ಕೆಲಸ ನನ್ನ ಪಾಲಿಗೆ ಬಂತು.

ಹೊಸ ಮೇಷ್ಟ್ರು ಕ್ಲಾಸಿಗೆ ಬಂದರೆ ಮೊದಲು ಏನು ಮಾಡುತ್ತಾರೆ? ಬೋರ್ಡ್ ಒರೆಸುತ್ತಾರೆ. ನಾನೂ ಅದನ್ನೇ ಮಾಡಿದೆ. ಸಿಡಿಲಣ್ಣನಿಗೆ ಹೊಸ ಜಾಕೆಟ್, ಹೊಸ ಹೇರ್‌ಸ್ಟೈಲ್, ಪಟಪಟ ಡೈಲಾಗ್. ಉಗ್ಗನ್ನು ಸದ್ದಿಲ್ಲದೆ ಕೈಬಿಟ್ಟೆ.

"ನಮ್ ಕಾವ್ಯಂಗೂ ಉಗ್ಗು ಐತೆ ಸಾರ್," ಅಂದರು ರತ್ನಮ್ಮ. "ಸ್ಕೂಲ್ನಾಗೆ ಆಡ್ಕಂಡ್ರೆ, ಸಿಡಿಲಣ್ಣಂಗೂ ಐತೆ ಕಣ್ರೋ, ಆದ್ರೂ ಹಾರ್ತಾನೆ ಅಂತಿದ್ಲು. ಈಗ ನೀವು ಅದನ್ನ ತೆಗ್ದಾಕ್ಬುಟ್ರಿ. ಅವ್ನಿಗೆ ವಾಸಿ ಆಯ್ತು, ನಂಗ್ಯಾಕಮ್ಮ ಆಗ್ಲಿಲ್ಲ ಅಂತ ಕೇಳ್ತಾಳೆ. ಏನೇಳ್ಲಿ?"

ಬಾಯಿಗೆ ಬಂದದ್ದು ಹೇಳಿದೆ: "ಚಿತ್ರದೊಳಗಿನ ಮಾತಿನ ಬಲೂನಿನಲ್ಲಿ ಅಷ್ಟೊಂದು ಅಕ್ಷರಕ್ಕೆ ಜಾಗ ಸಾಲೋದಿಲ್ಲಮ್ಮ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಕಾವ್ಯ ಬಾಯಿ ತೆರೆದಳು. ಮೊದಲ ಅಕ್ಷರವೇ ಹೊರಡಲಿಲ್ಲ. ನಾನು ಹತ್ತಬೇಕಿದ್ದ ಮಧುಗಿರಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಮ್ಮ ನಡುವೆ ಬಾಯಿ ಹಾಕಲಿಲ್ಲ. ನಾನೂ ಕಾದೆ. ಬಸ್ಸು ಹೊರಟೇಹೋಯಿತು.

"ಅ... ಅಕ್ಷರ ಸ... ಸಣ್ಣದು ಮಾ... ಮಾಡಿ ಸಾರ್."

ಎಂಥ ಎಡಿಟರೂ ಕೊಡದ ಸಲಹೆ!

ಮುಂದಿನ ಕಂತಿನಲ್ಲೇ ಅಕ್ಷರ ಸಣ್ಣದಾಯಿತು, ಉಗ್ಗು ವಾಪಸ್ ಬಂತು. ಮೊನ್ನೆ ರತ್ನಮ್ಮ ಫೋನ್ ಮಾಡಿ, "ಕ್ಲಾಸ್ನಾಗೆ ಎದ್ದು ನಿಂತು ಜೋರಾಗಿ ಓದವ್ಳೆ ಸಾರ್! ಪೂರ್ತಿ ಕಥೆ!" ಅಂದರು. ಅವತ್ತೆಲ್ಲ ನಾನೇ ಹಾರಾಡಿದೆ.

ಮರುದಿನವೇ ಶಿರಾದ ಓದುಗರೊಬ್ಬರ ಪತ್ರ ಬಂತು. "ಯಾರೋ ಹೊಸ ಲೇಖಕರು ಬಂದು ನಮ್ಮ ಸಿಡಿಲಣ್ಣನನ್ನು ಕೆಡಿಸಿದ್ದಾರೆ. ಅವನು ಯಾವತ್ತೂ ಉಗ್ಗುತ್ತಿರಲಿಲ್ಲ!"

ಉತ್ತರ ಬರೆದಿದ್ದೇನೆ: ಉಗ್ಗುತ್ತಿದ್ದ ಸ್ವಾಮಿ, ನಡುವೆ ಬಂದು ಅವನನ್ನು ಕೆಡಿಸಿದ ಆ ಹೊಸ ಲೇಖಕ ನಾನೇ.